ಕಾಕಾ, ಆ ಚಲನ್ ಫೈಲ್ ಒತ್ತಬ್ಯಾಡ್ರಿ

ಕಾಕಾ ಶರಣಾರ್ಥಿ, ಮೈಕ್ ಒತ್ತಿ ಮಾತಾಡ್ಲಾಕತ್ತೀನಿ, ಅಕ್ಷರ ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೋರಿ. ಮುಂಜಾನಿ ಗ್ರೂಪಿಗೆ ಹಾಕೀರಲ್ಲ, ಗಾಡಿ ಮ್ಯಾಲ 1000 ರೂಪಾಯಿ ಚಲನ್ ಅದ, ಆರ್‌ಟಿಓ ಆ್ಯಪ್ ಹಾಕ್ಕೊಂಡು ಕಟ್ರಿ ಅಂತ, ಖರೇ ಏನು ಅಂತ ಕೇಳೀರಿ, ಖರೇ ಅಲ್ರಿ. ಫೈಲಿನ ಹೆಸರಿನ ಕೊನೀಗೆ ಎಪಿಕೆ ಅಂತದ, ನೋಡ್ರಿ, ಅಂದ್ರ ಒತ್ತಿದ್ರ ಫೋನಿನ್ಯಾಗ ಆ್ಯಪ್ ಕೂಡ್ಸೋ ಫೈಲ್ ಅದು. ಸರ್ಕಾರದವ್ರು ವಾಟ್ಸಪ್‌ನ್ಯಾಗ ಹಿಂಗ ಆ್ಯಪ್ ಕಳ್ಸಂಗಿಲ್ಲ. ಮ್ಯಾಲಾಗಿ ಅದ್ರಾಗ ಗಾಡಿ ನಂಬರೂ ಇಲ್ಲ, ಎಲ್ಲಿ ಹಿಡದ್ರು ಅಂತನೂ ಇಲ್ಲ, ನಿಮ್ ಸ್ಪ್ಲೆಂಡರ್ ಎರಡ್ ತಿಂಗ್ಳಿಂದ ಹೊಲದಾಗ ಪಂಕ್ಚರ್ ಆಗಿ ನಿಂತದ, ತೊಗರಿ ಸಾಲಿನ್ಯಾಗ ಯಾವ ಕ್ಯಾಮೆರಾ ಹಿಡೀತದ್ರಿ? ಹಂಗಂತ ಕೆಎ 32 ಅಂತ ಪೂರಾ ನಂಬರ್ ಬರ್ದು ಕಳಿಸಿದ್ರೂ ನಂಬಬ್ಯಾಡ್ರಿ.

ಕಳಿಸ್ದಾವ ನನ್ ಗೆಳ್ಯಾನೇ ಅಂತೀರಿ, ಮೋಸ ಇರೋದೇ ಅಲ್ಲಿ. ಅವ್ರು ಒತ್ತಿರ್ತಾರ, ಅವ್ರ ವಾಟ್ಸಪ್ ಕಳ್ಳರ ಕೈಗಿ ಹೋಗಿರ್ತದ, ಅವ್ರ ಹೆಸರಲೇ ಎಲ್ಲರಿಗೂ ಹೊಂಟಿರ್ತದ. ಫೋನ್ ಹಚ್ಚಿ ಹೇಳ್ರಿ, ಮೆಸೇಜ್ ಮಾಡಬ್ಯಾಡ್ರಿ, ಮೆಸೇಜ್ ಓದಾವ ಕಳ್ಳನೇ ಇರ್ಬಹುದು.

ಆ ಆ್ಯಪ್ ಹಾಕ್ಕೊಂಡ ಕೂಡ್ಲೆ ಎಸ್ಸೆಮ್ಮೆಸ್ ಓದ್ಲಾ ಅಂತ ಪರ್ಮಿಶನ್ ಕೇಳ್ತದ, ನಾವು ಅಲೋ ಅಲೋ ಅಂತ ಒತ್ಕೋತ ಹೋಗ್ತೀವಿ, ಆಮ್ಯಾಗ ಬ್ಯಾಂಕಿನ ಓಟಿಪಿ ಸೀದಾ ಅವ್ರಿಗೆ ಹೋಗ್ತದ. ಓಟಿಪಿ ಯಾರಿಗೂ ಹೇಳಂಗಿಲ್ಲ ಅಂತ ನೀವು ಎಷ್ಟ್ ಗಟ್ಟಿ ಇದ್ರೂ ಇಲ್ಲಿ ಉಪಯೋಗಿಲ್ಲ, ಯಾರೂ ಕೇಳೋದೇ ಇಲ್ಲಲ್ಲ.

ನಾ ಏನ್ ಭಾರಿ ಶ್ಯಾಣ್ಯಾ ಅಲ್ರಿ. ಹೋದ ವರ್ಷ ಬಿಲ್ ಕಟ್ಟಿಲ್ಲ, ರಾತ್ರಿ 9.30ಕ್ಕ ಕರೆಂಟ್ ಕಟ್ ಅಂತ ಮೆಸೇಜ್ ಬಂದಿತ್ತು, ಗಾಬರಿಲೇ ಅದ್ರಾಗಿನ ನಂಬರಿಗೆ ಫೋನ್ ಹಚ್ಚಿದೆ. ಒಬ್ಬಾಂವ ಹಿಂದಿಯಾಗ ಮಾತಾಡಿ ಸ್ಕ್ರೀನ್ ಶೇರ್ ಆ್ಯಪ್ ಹಾಕ್ಕೋ ಅಂದ, ಅದು ಹಾಕ್ಕೊಂಡ್ರ ನಮ್ ಫೋನಿನ್ಯಾಗಿಂದು ಅವ್ರಿಗೆ ಕಾಣ್ತದ, ನಾ ಹುಡುಕ್ಲಾಕತ್ತಿದ್ದೆ, ಅವ್ವ ರೊಟ್ಟಿ ಬಡ್ಕೋತನೇ ‘ಲೇ, ಗೃಹಜ್ಯೋತಿ ಬಂದಾಗಿಂದ ನಮ್ ಬಿಲ್ ಸೊನ್ನಿ ಬರ್ತದಲ್ಲೋ, ಏನ್ ಕಟ್ತಿ?’ ಅಂದ್ಲು. ಅಲ್ಲಿಗೆ ಫೋನ್ ಇಟ್ಟೆ.

ಕಾಕು, ನಿಮಗ ಪಿಎಂ ಕಿಸಾನ್ ಕೆವೈಸಿ ಮಾಡ್ರಿ ಇಲ್ಲಂದ್ರ 2000 ಬರಂಗಿಲ್ಲ ಅಂತ ಬರ್ಬಹುದು. ಕೆವೈಸಿ ಮಾಡ್ಬೇಕು ಖರೇ, ಅದಕ್ಕೇ ಜನ ನಂಬ್ತಾರ, ಆದ್ರ ಲಿಂಕ್ ಒತ್ತಿ ಅಲ್ಲ, ಸಿಎಸ್‌ಸಿ ಅಂದ್ರ ಸರ್ಕಾರದ ಆನ್‌ಲೈನ್ ಕೆಲ್ಸ ಮಾಡಿಕೊಡೋ ಸೆಂಟರಿಗೆ ಹೋಗಿ ಹೆಬ್ಬೆಟ್ಟು ಕೊಡ್ರಿ. ಚಲನ್ನೂ ಹಂಗೇ, ಇ-ಚಲನ್ ಪರಿವಾಹನ್ ವೆಬ್‌ಸೈಟಿಗೆ ನಾವೇ ಹೋಗಿ ನೋಡ್ಬೇಕು, ಕೊನೀಗೆ ಡಾಟ್ ಗವ್ ಡಾಟ್ ಇನ್ (.gov.in) ಇರ್ಬೇಕು. ಎಸ್ಸೆಮ್ಮೆಸ್ ಆದ್ರ ಕಳಿಸಿದವ್ರ ಹೆಸರು ನೋಡ್ರಿ, ಸರ್ಕಾರದ್ದಕ್ಕ ಕೊನೀಗೆ ಗೆರಿ ಹಾಕಿ ಜಿ ಅಂತ ಇರ್ತದ, 10 ಅಂಕಿ ಮೊಬೈಲ್ ನಂಬರಿಂದ ಬಂತಂದ್ರ ಬಿಟ್ಟಾಕ್ರಿ.

ಯಾರರೆ ಒತ್ತೀರಂದ್ರ ನಾಚಬ್ಯಾಡ್ರಿ, ನೆಟ್ ಬಂದ್ ಮಾಡಿ, ಸಿಮ್ ತೆಗ್ದು, ಬ್ಯಾರೆ ಫೋನಿಂದ ಬ್ಯಾಂಕಿಗೆ ಹೇಳಿ ಖಾತೆ ಬಂದ್ ಮಾಡಸ್ರಿ, ರೊಕ್ಕ ಹೋಗಿದ್ರ ತಡಾ ಮಾಡ್ದೆ ಸೈಬರ್ ಮೋಸದ ದೂರು ಕೊಡೋ ನಂಬರ್ 1930ಕ್ಕ ಫೋನ್ ಹಚ್ರಿ. ಕಾಕಾ, ನೀವು ಇಲ್ಲಿಂದು ಮೊದ್ಲ ಡಿಲೀಟ್ ಮಾಡ್ರಿ, ‘ಎಲ್ಲರಿಗೂ’ ಅಂತಿರ್ತದಲ್ಲ ಅದು. ಮತ್ತ ಬೀಗರ ಗ್ರೂಪಿಗೂ ಕಳ್ಸೀರೇನು?