ಜನ್ಮನಕ್ಷತ್ರ ನೋಡಿ ದೇವರ ಮೂರ್ತಿ ಆರಿಸುವುದು ಹೇಗೆ?

ಪ್ರಶ್ನೆ (ಶಿರಸಿ): ಮಗಳದು ಆಶ್ಲೇಷಾ ನಕ್ಷತ್ರ, ಅದರ ಅಧಿದೇವತೆ ಸರ್ಪ. ಹೊಸ ಮನೆಯ ದೇವರ ಕೋಣೆಗೆ ನಾಗನ ಮೂರ್ತಿಯನ್ನೇ ತರಬೇಕೇ? ನನ್ನದು ವಿಷ್ಣು ಅಧಿದೇವತೆಯಾದ ಶ್ರವಣ. ಒಬ್ಬೊಬ್ಬರಿಗೂ ಒಂದೊಂದು ಮೂರ್ತಿ ಇಡುವುದು ಸರಿಯೇ ಎಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಕುಮಟಾ): ಅಗತ್ಯವಿಲ್ಲ. ನಮ್ಮ ಕರಾವಳಿಯಲ್ಲಿ ನಾಗನ ಕಲ್ಲಿಗೆ ಬನವೇ ಸ್ಥಾನ. ಮಗಳ ಹೆಸರಿನಲ್ಲಿ ನಾಗರ ಪಂಚಮಿಯಂದು ಅಲ್ಲಿಯೇ ಹಾಲೆರೆದು, ಅರಿಶಿನ ಹಚ್ಚಿ, ಹಿಂಗಾರ (ಅಡಿಕೆಯ ಹೂಗೊಂಚಲು) ಇಟ್ಟು ಪೂಜಿಸಿದರೆ ನಕ್ಷತ್ರದೇವತೆಗೆ ಸಲ್ಲಬೇಕಾದದ್ದು ಸಲ್ಲುತ್ತದೆ. ಮನೆಯ ಪೀಠದಲ್ಲಿ ಕುಲದೇವರಿಗೇ ಮೊದಲ ಸ್ಥಾನವಿರಲಿ.

ಉತ್ತರ (ಗೋಕರ್ಣ): ಪಂಚಾಯತನ ಪೂಜೆಯಲ್ಲಿ ಸೂರ್ಯ, ಅಂಬಿಕೆ, ವಿಷ್ಣು, ಗಣಪತಿ, ಶಿವ ಐವರೂ ಇರುವುದರಿಂದ ನಿಮ್ಮ ಶ್ರವಣಕ್ಕೆ ವಿಷ್ಣುವಿನ ಪ್ರತೀಕವಾದ ಸಾಲಿಗ್ರಾಮ ಶಿಲೆಯೇ ಸಾಕು. ಮೂರ್ತಿಯೇ ಬೇಕೆಂದರೆ ಗೇಣಿಗಿಂತ ಎತ್ತರವಾಗದ, ಭಿನ್ನವಾಗದ ಹಿತ್ತಾಳೆಯದನ್ನು ಆರಿಸಿ. ನಿತ್ಯ ನೈವೇದ್ಯ ಮಾಡಲು ಸಾಧ್ಯವಾಗುವಷ್ಟನ್ನೇ ಇಡಿ.