ಖರೀದಿಯ ನಂತರ ತಾನಾಗಿ ಹೋಗುವ ಇಮೇಲ್: ನಿಮ್ಮ ಅನುಭವ ತಿಳಿಸುವಿರಾ?

ಪ್ರಶ್ನೆ:
ಚರ್ಮದ ಚೀಲಗಳನ್ನು ಆನ್‌ಲೈನಿನಲ್ಲಿ ಮಾರುತ್ತೇನೆ. ಒಮ್ಮೆ ಕೊಂಡವರು ಮತ್ತೆ ಇತ್ತ ತಲೆ ಹಾಕುವುದು ಕಡಿಮೆ. ಖರೀದಿಯಾದ ಮೇಲೆ ತಾನಾಗಿ ಹೋಗುವ ಇಮೇಲ್‌ಗಳನ್ನು ಹೊಂದಿಸಬೇಕೆಂದಿದ್ದೇನೆ. ಎಷ್ಟು ಕಳುಹಿಸಬೇಕು, ಯಾವಾಗ, ಏನು ಬರೆಯಬೇಕು? ಕಿರಿಕಿರಿಯಾಗಿ ಇರುವವರೂ ದೂರವಾದಾರೆಂಬ ಅಳುಕು ಇದೆ.

ಮೇಜಿನ ದೀಪ ಮಾರುವವರು:
ಏನು ಬರೆಯಬೇಕೆಂದು ಯೋಚಿಸುವ ಮೊದಲು, ಯಾವಾಗ ಬರೆಯಬಾರದು ಎಂಬುದನ್ನು ತೀರ್ಮಾನಿಸಿ. ನಾನು ಇದನ್ನು ಪೆಟ್ಟು ತಿಂದು ಕಲಿತೆ. ಗ್ರಾಹಕರೊಬ್ಬರಿಗೆ ದೀಪದ ಗಾಜು ಒಡೆದು ತಲುಪಿತ್ತು. ಅವರು ದೂರು ಬರೆದಿದ್ದರು, ನಾನು ಇನ್ನೂ ಓದಿರಲಿಲ್ಲ. ಅಷ್ಟರಲ್ಲಿ ನಾನೇ ಹೊಂದಿಸಿಟ್ಟಿದ್ದ ಇಮೇಲ್ ಹೊರಟುಹೋಯಿತು: ‘ಹೊಸ ದೀಪ ನಿಮ್ಮ ಕೋಣೆಯನ್ನು ಬೆಳಗುತ್ತಿದೆಯೇ? ಐದು ನಕ್ಷತ್ರ ಕೊಡಿ!’ ಉತ್ತರವಾಗಿ ಬಂದದ್ದು ಒಂದು ಚಿತ್ರ. ಕಾಗದದ ಮೇಲೆ ಗುಡ್ಡೆ ಹಾಕಿದ ಗಾಜಿನ ಚೂರುಗಳು, ಕೆಳಗೆ ಒಂದೇ ಸಾಲು: ‘ನೀವೇ ನೋಡಿ ಹೇಳಿ.’ ಹಣ ಹಿಂದಿರುಗಿಸಿದೆ, ಕ್ಷಮೆ ಕೇಳಿದೆ. ಅವರು ಮತ್ತೆ ಬರಲಿಲ್ಲ.

ಅಂದಿನಿಂದ ಒಂದು ನಿಯಮವಿದೆ. ದೂರು, ವಾಪಸಾತಿ, ರಿಫಂಡ್ ಯಾವುದೇ ಬಾಕಿ ಇರುವವರಿಗೆ ತಾನಾಗಿ ಹೋಗುವ ಎಲ್ಲ ಇಮೇಲ್‌ಗಳೂ ನಿಲ್ಲುತ್ತವೆ. ಇನ್ನೊಂದು, ದಿನಗಳನ್ನು ಆರ್ಡರ್ ಮಾಡಿದಂದಿನಿಂದ ಎಣಿಸಬೇಡಿ, ವಸ್ತು ಕೈಸೇರಿದಂದಿನಿಂದ ಎಣಿಸಿ. ಪಾರ್ಸೆಲ್ ತಡವಾದಾಗ ಇನ್ನೂ ಕಾಣದ ವಸ್ತುವಿನ ಬಗ್ಗೆ ಅಭಿಪ್ರಾಯ ಕೇಳಿದರೆ ಯಾರಿಗೂ ಸಿಟ್ಟು ಬರುತ್ತದೆ.

ನಾನು ಕಳುಹಿಸುವುದು ಮೂರೇ. ತಲುಪಿದ ಮರುದಿನ, ಬಲ್ಬ್ ಬದಲಿಸುವುದು ಮತ್ತು ಒರೆಸುವುದು ಹೇಗೆ ಎಂಬ ನಾಲ್ಕು ಸಾಲು. ಎರಡು ವಾರದ ನಂತರ, ‘ಏನಾದರೂ ತೊಂದರೆ ಇದೆಯೇ?’ ಅದಾದ ಮೇಲಷ್ಟೇ ಅಭಿಪ್ರಾಯದ ಕೋರಿಕೆ. ಎರಡನೆಯದಕ್ಕೆ ಬರುವ ಉತ್ತರಗಳನ್ನು ನಾನೇ ಕೂತು ಓದುತ್ತೇನೆ. ದಯವಿಟ್ಟು ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಎಂದು ಮಾತ್ರ ಹಾಕಬೇಡಿ. ಮಾತನಾಡಿಸಿ ಬಾಗಿಲು ಮುಚ್ಚಿಕೊಂಡಂತಾಗುತ್ತದೆ.

ನೀರಿನ ಫಿಲ್ಟರ್ ಮಾರುವವರು:
ಮೇಲಿನವರ ಮಾತಿಗೆ ನನ್ನದೂ ಹೂಂ. ನಮ್ಮಲ್ಲಿ ಜನರನ್ನು ಮರಳಿ ಕರೆತಂದದ್ದು ಒಂದೇ ಇಮೇಲ್: ಫಿಲ್ಟರ್ ಬದಲಿಸುವ ಸಮಯ ಹತ್ತಿರವಾದಾಗ ಹೋಗುವ ನೆನಪೋಲೆ. ಅದಕ್ಕೆ ಧನ್ಯವಾದ ಹೇಳಿ ಉತ್ತರಿಸುವವರೂ ಇದ್ದಾರೆ. ಆದರೆ ಅವರು ಈಗಾಗಲೇ ಹೊಸ ಫಿಲ್ಟರ್ ಕೊಂಡಿದ್ದರೆ ಆ ಇಮೇಲ್ ತಾನಾಗಿ ರದ್ದಾಗಬೇಕು. ಚೀಲಕ್ಕೆ ಅಂಥ ಅವಧಿಯಿಲ್ಲ, ಆದರೆ ಚರ್ಮಕ್ಕೆ ಆಗಾಗ ಆರೈಕೆ ಬೇಕಲ್ಲವೇ? ಅಲ್ಲಿಂದ ಶುರುಮಾಡಿ. ಮೊದಲ ವಾರವೇ ರಿಯಾಯಿತಿ ಕೂಪನ್ ಬೇಡ. ಪೂರ್ತಿ ಬೆಲೆ ಕೊಟ್ಟು ತಪ್ಪು ಮಾಡಿದೆನೇ ಎಂದು ಅವರಿಗೆ ಅನ್ನಿಸುತ್ತದೆ.

ಇಮೇಲ್ ವ್ಯವಸ್ಥೆ ನೋಡಿಕೊಳ್ಳುವವರು:
ತಾಂತ್ರಿಕವಾಗಿ ಕೆಲವು ಮಾತು. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ನಿಮ್ಮ ಡೊಮೇನ್‌ಗೆ (ಇಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರು) ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಹೊಂದಿಸಿ; ಇಮೇಲ್ ನಿಜಕ್ಕೂ ನಿಮ್ಮಿಂದಲೇ ಬಂದಿದೆಯೇ ಎಂದು ಪರೀಕ್ಷಿಸಲು ನೆರವಾಗುವ ಏರ್ಪಾಡುಗಳು ಇವು. ಪ್ರಚಾರದ ಇಮೇಲ್‌ನಿಂದ ಒಂದೇ ಕ್ಲಿಕ್ಕಿಗೆ ಹೊರಬರುವಂತಿರಲಿ. ಸ್ಪ್ಯಾಮ್ ಎಂದು ದೂರುವವರ ಪ್ರಮಾಣ ಶೇ 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂವರು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ ಸುಮಾರು 5,000 ಅಥವಾ ಹೆಚ್ಚು ಕಳುಹಿಸುವವರಿಗೆ ಇವೆಲ್ಲ ಕಡ್ಡಾಯ, ಚಿಕ್ಕವರಿಗೂ ಇವುಗಳಲ್ಲಿ ಕೆಲವು ಕಡ್ಡಾಯ; ಎಲ್ಲವನ್ನೂ ಪಾಲಿಸುವುದು ಕ್ಷೇಮ. ಹೊರಹೋಗುವ ದಾರಿಯನ್ನು ಬಚ್ಚಿಟ್ಟರೆ ಜನ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಆಗ ನಿಮ್ಮ ಆರ್ಡರ್ ರಸೀದಿಯೂ ಇನ್‌ಬಾಕ್ಸ್ ತಲುಪದೆ ಹೋಗಬಹುದು.

ಎಷ್ಟು ಜನ ತೆರೆದರು ಎಂಬ ಲೆಕ್ಕವನ್ನು ನಂಬಬೇಡಿ. 2021ರಲ್ಲಿ ಆಪಲ್ ತಂದ ಗೋಪ್ಯತೆಯ ಸೌಲಭ್ಯದಿಂದಾಗಿ, ಯಾರೂ ಓದದ ಇಮೇಲ್ ಕೂಡ ತೆರೆದಂತೆ ಕಾಣಿಸುತ್ತದೆ. ಹತ್ತರಲ್ಲಿ ಒಬ್ಬ ಗ್ರಾಹಕರಿಗೆ ಏನನ್ನೂ ಕಳುಹಿಸದೆ ಇಟ್ಟು ನೋಡಿ. ಇಮೇಲ್ ಪಡೆದವರೂ ಅವರಷ್ಟೇ ಮರಳಿ ಬರುತ್ತಿದ್ದರೆ ನಿಮ್ಮ ಇಮೇಲ್ ಕೆಲಸ ಮಾಡುತ್ತಿಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಚರ್ಮ ನೆನೆದರೆ ಹೇಗೆ ಒಣಗಿಸಬೇಕು ಎಂಬುದನ್ನೇ ಮೊದಲ ಇಮೇಲ್ ಆಗಿ ಬರೆದೆ. ಒಂದು ಸಂದೇಹ: ನನ್ನ ಚೀಲಗಳನ್ನು ಹಲವರು ಉಡುಗೊರೆಗೆಂದು ಕೊಳ್ಳುತ್ತಾರೆ. ಚೀಲ ಬೇರೆಯವರ ಕೈಯಲ್ಲಿರುವಾಗ ಕೊಂಡವರನ್ನು ಏನೆಂದು ಕೇಳಲಿ?

ದೀಪ ಮಾರುವವರು:
ಆರ್ಡರ್ ಪುಟದಲ್ಲೇ ‘ಇದು ಉಡುಗೊರೆಯೇ?’ ಎಂದು ಕೇಳಿಬಿಡಿ. ಹೌದೆಂದವರಿಗೆ, ‘ಕ್ಷೇಮವಾಗಿ ತಲುಪಿದೆ’ ಎಂದು ಒಂದು ಸಾಲು ಸಾಕು. ಆರೈಕೆಯ ಸೂಚನೆಯನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ ಚೀಲದೊಳಗೇ ಇಡಿ.