ಫಲಕಕ್ಕೆ ‘ಮಳೆದಿನ’ ಎಂದು ಬರೆಸಬಹುದೇ?

ಮೇಷ್ಟ್ರೇ, ದಿನದಿನದ ಮಳೆಯ ಅಳತೆ ತೋರಿಸುವ ಶಾಲೆಯ ಫಲಕಕ್ಕೆ ಯಾವ ಪದಗಳನ್ನು ಬರೆಸಬೇಕು, ‘ಮಳೆದಿನ’ ಎನ್ನಬಹುದೇ ಎಂದು ಕೇಳಿದ್ದೀರಿ, ಬೋರ್ಡು ಬರೆಯುವವನು ನಾಳೆಯೇ ಬರುತ್ತಾನೆ ಎಂದೂ ಹೇಳಿದ್ದೀರಿ. ಹಾಗಾಗಿ ಮೊದಲು ಉತ್ತರ: ಉಪಕರಣಕ್ಕೆ ‘ಮಳೆಮಾಪಕ’, ಫಲಕದ ಕಾಲಮ್ಮಿಗೆ ಬರೀ ‘ಮಳೆ, ಮಿ.ಮೀ.’ ‘ಮಳೆಯ ಪ್ರಮಾಣ’ ತಪ್ಪಲ್ಲ, ಪತ್ರಿಕೆಗಳೂ ಬರೆಯುತ್ತವೆ. ಆದರೆ ಮಿ.ಮೀ. ಎಂದ ಮೇಲೆ ಪ್ರಮಾಣವೆಂದು ಮತ್ತೆ ಹೇಳುವುದು ಬಣ್ಣ ದಂಡ.

ಇನ್ನು ‘ಮಳೆಮಾಪಕ’ದ ಬದಲು ಇಲ್ಲಿ ಕೆಲವರು ಸೂಚಿಸಿರುವ ‘ಮಳೆಯಳೆ’. ಮಳೆ, ಅಳೆ ಎರಡೂ ಒಂದೇ ಬೇರಿನವಂತೆ! ಹಳಗನ್ನಡದಲ್ಲಿ ಮಳೆ ಎಂಬುದು ಮೞೆ, ಆ ೞ ನಾವೀಗ ಬಿಟ್ಟಿರುವ ಹಳೆಯ ಅಕ್ಷರ. ತಮಿಳು, ಮಲಯಾಳಗಳಲ್ಲಿ ಆ ೞಕಾರ ಇಂದಿಗೂ ಇದೆ. ಅಳೆ, ಅಳತೆಗಳ ಳಕಾರವೇ ಬೇರೆ. ನಮ್ಮ ನಾಲಗೆಯಲ್ಲಿ ಎರಡೂ ಕೂಡಿಹೋದವೆಂದು ನೆಂಟಸ್ತನ ಕಟ್ಟಬೇಡಿ. ಸಾಲದ್ದಕ್ಕೆ ಆಗುಂಬೆ ಘಾಟಿ ಇಳಿದರೆ ತುಳುವಿನಲ್ಲಿ ಅಳೆ ಎಂದರೆ ಮಜ್ಜಿಗೆ. ‘ಮಾಪಕ’ ಸಂಸ್ಕೃತವೆಂದು ಮೂಗು ಮುರಿದವರು ಅದೇ ಉಸಿರಿನಲ್ಲಿ ‘ಮಿಲಿಮೀಟರ್’ ಎಂದಿದ್ದಾರೆ. ಫ್ರಾನ್ಸಿನಿಂದ ಬಂದದ್ದಕ್ಕೆ ಮೈಲಿಗೆ ಇಲ್ಲವೇ?

ನಿಜವಾದ ತೊಡಕು ಇರುವುದು ‘ಮಳೆದಿನ’ದಲ್ಲಿ, ಅದನ್ನು ಯಾರೂ ಮುಟ್ಟಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳಲ್ಲಿ ಕನಿಷ್ಠ 2.5 ಮಿ.ಮೀ. ಬಿದ್ದರೆ ಮಾತ್ರ ಅದು ಮಳೆದಿನ. ಬೆಳಗಿನಿಂದ ಬೈಗಿನವರೆಗೆ ಜಿನುಗಿ, ಅಂಗಳದ ಪಾಚಿಯಲ್ಲಿ ನಾಲ್ಕು ಜನ ಜಾರಿ ಬಿದ್ದು, ಕಂಬಳಿ ಒಣಗದೆ ಮುಗ್ಗಲು ಹಿಡಿದರೂ ಮಾಪಕದಲ್ಲಿ 2 ಮಿ.ಮೀ. ಇದ್ದರೆ ಆ ದಿನ ಲೆಕ್ಕಕ್ಕಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಆಗುಂಬೆಯ ಪಕ್ಕದಲ್ಲಿ ಕುಳಿತು ‘ಇಂದು ಮಳೆದಿನವಲ್ಲ’ ಎಂದು ಬರೆದರೆ, ಕೊಡೆ ಹಿಡಿದು ಅದನ್ನು ಓದುವವರು ನಿಮ್ಮನ್ನು ಏನೆಂದಾರು? ‘2.5 ಮಿ.ಮೀ. ಮತ್ತು ಮೇಲ್ಪಟ್ಟ ದಿನಗಳು’ ಎಂದೇ ಬರೆಸಿ. ಉದ್ದವಾದರೆ ಆಗಲಿ.

ಹಾಗೆಯೇ ತಾರೀಖು. ನಿನ್ನೆ ರಾತ್ರಿ ಸುರಿದದ್ದು ಇಂದಿನ ತಾರೀಖಿಗೆ ಸೇರುತ್ತದೆ. ಫಲಕದ ಬುಡದಲ್ಲಿ ‘ಬೆಳಿಗ್ಗೆ 8.30ರ ಅಳತೆ’ ಎಂದು ಸಣ್ಣದಾಗಿ ಹಾಕಿಸದಿದ್ದರೆ ಪ್ರತಿದಿನ ಜಗಳ.

ನೀರನ್ನು ಉದ್ದದ ಮಾನದಲ್ಲಿ ಅಳೆಯುವುದು ಹೇಗೆ ಎಂದು ಒಬ್ಬರು ಕೇಳಿದ್ದರು. ಇದು ಉದ್ದವಲ್ಲ, ನಿಂತ ನೀರಿನ ಎತ್ತರ. ಇಂಗದೆ, ಹರಿಯದೆ, ಆರದೆ ನಿಂತರೆ ಒಂದು ಚದರ ಮೀಟರಿನಲ್ಲಿ 1 ಮಿ.ಮೀ. ಎಂದರೆ 1 ಲೀಟರ್. ತೋಟದವರು ಇಂಚಿನಲ್ಲಿ ಕೇಳಿದರೆ 25.4ರಿಂದ ಭಾಗಿಸಿ ಹೇಳಿ, ಅದಕ್ಕೊಂದು ಕಾಲಮ್ಮು ಬೇಡ.

ಜಾಗ ಉಳಿದರೆ ಮಳೆನಕ್ಷತ್ರದ ಹೆಸರು ಬರೆಸಿ. ಆರಿದ್ರೆಯಲ್ಲಿ ಎಷ್ಟು, ಪುನರ್ವಸುವಿನಲ್ಲಿ ಎಷ್ಟು ಎಂದು ಊರಿನವರು ಕೇಳಿಯೇ ಕೇಳುತ್ತಾರೆ. ಒಂದೊಂದಕ್ಕೆ 13–14 ದಿನ, ಕೂಡುವುದು ಮಕ್ಕಳಿಗೆ ಒಳ್ಳೆಯ ಲೆಕ್ಕ.

ಬರೆಯುವವನ ಪಕ್ಕದಲ್ಲೇ ನಿಂತಿರಿ. ‘ಮಾಪಕ’ವನ್ನು ‘ಮಾಪನ’ ಮಾಡಿಬಿಟ್ಟಾನು. ಮಾಪನ ಕೆಲಸದ ಹೆಸರು, ಡಬ್ಬಿಯದಲ್ಲ.